ಒಬ್ಬನೇ ಗಿರಾಕಿಯ ಅಂಗಡಿ: ಮುಖ್ಯಮಂತ್ರಿಗಳಿಗೆ ಧಾರವಾಡದಿಂದ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ಧಾರವಾಡದ ಒಬ್ಬ ಪುಸ್ತಕ ವ್ಯಾಪಾರಿಯ ನಮಸ್ಕಾರಗಳು.

ಈ ಪತ್ರವನ್ನು ಯಾವ ಮಂತ್ರಿಗಳಿಗೆ ಬರೆಯಬೇಕೆಂದು ನಾಲ್ಕು ದಿನ ಯೋಚಿಸಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು. ನಗರದ ಗ್ರಂಥಾಲಯಗಳೂ ಪುಸ್ತಕಗಳ ಸಗಟು ಖರೀದಿಯೂ ಶಿಕ್ಷಣ ಇಲಾಖೆಯ ಕೆಳಗಿರುವ ಸಾರ್ವಜನಿಕ ಗ್ರಂಥಾಲಯ ಇಲಾಖೆಯವು. ಹಳ್ಳಿಯ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿವೆ. ಗ್ರಂಥಾಲಯದ ಹೆಸರು ಹೇಳಿ ಜನರಿಂದ ಸೆಸ್ ವಸೂಲಿ ಮಾಡುವುದು ಮಹಾನಗರ ಪಾಲಿಕೆ, ನಗರಸಭೆ, ಪಂಚಾಯಿತಿಗಳು. ಕಾಗದದ ಮೇಲಿನ ತೆರಿಗೆ ದೆಹಲಿಯಲ್ಲಿ ತೀರ್ಮಾನವಾಗುತ್ತದೆ. ಐದು ಮನೆಗಳಿಗೆ ನೆಂಟನಾದ ಪುಸ್ತಕಕ್ಕೆ ಇವತ್ತಿನ ಊಟ ಯಾರ ಮನೆಯಲ್ಲಿ ಎಂಬುದು ಮಾತ್ರ ಇನ್ನೂ ನಿರ್ಧಾರವಾಗಿಲ್ಲ. ಐದರಲ್ಲಿ ನಾಲ್ಕು ಮನೆಗಳಿಗೆ ಯಜಮಾನರು ನೀವೇ ಆದ್ದರಿಂದ ಪತ್ರ ನಿಮ್ಮ ಹೆಸರಿಗೆ ಬಂದಿದೆ.

ನಾನು ಹಾವೇರಿ ಜಿಲ್ಲೆಯ ಒಂದು ಸಣ್ಣ ಹಳ್ಳಿಯವನು. 1994ರಲ್ಲಿ ಧಾರವಾಡದಲ್ಲಿ ಎಂಟು ಅಡಿ ಅಗಲದ ಅಂಗಡಿ ಹಿಡಿದು ಪುಸ್ತಕ ಮಾರಲು ಕುಳಿತವನು ಇನ್ನೂ ಎದ್ದಿಲ್ಲ. ಹದಿನಾರು ವರ್ಷಗಳಿಂದ ವರ್ಷಕ್ಕೆ ನಾಲ್ಕೈದು ಪುಸ್ತಕಗಳನ್ನು ಅಚ್ಚು ಹಾಕಿಸುತ್ತಲೂ ಇದ್ದೇನೆ. ಆ ಕಾರಣಕ್ಕೆ ಸಭೆಗಳಲ್ಲಿ ನನ್ನನ್ನು ಪ್ರಕಾಶಕರು ಎನ್ನುತ್ತಾರೆ. ಮನೆಯಲ್ಲಿ ಏನೆನ್ನುತ್ತಾರೆ ಎಂಬುದು ಬಹಿರಂಗ ಪತ್ರದಲ್ಲಿ ಬರೆಯುವ ಮಾತಲ್ಲ. ಹೊಸ ಅನುದಾನವನ್ನು ನಾನು ಕೇಳುವುದಿಲ್ಲ. ಪುಸ್ತಕದ ಹೆಸರಿನಲ್ಲಿ ಸರ್ಕಾರ ಈಗಾಗಲೇ ಪಡೆಯುತ್ತಿರುವ ಹಣ ಮತ್ತು ಈಗಾಗಲೇ ಕೊಡಬೇಕಾಗಿರುವ ಹಣ, ಈ ಎರಡರ ಲೆಕ್ಕ ಕೇಳುತ್ತೇನೆ.

ಅದಕ್ಕೆ ಮೊದಲು ಒಂದು ಮಾತು ಇತ್ಯರ್ಥವಾಗಲಿ. ಕನ್ನಡಿಗರು ಓದುವುದಿಲ್ಲ ಎಂದು ವೇದಿಕೆಯ ಮೇಲೆ ಕುಳಿತವರು ಹೇಳುತ್ತಾರೆ. ಮಳಿಗೆಯಲ್ಲಿ ಕುಳಿತವರ ಬಾಯಲ್ಲಿ ಆ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನಾನೂ ಅಲ್ಲಿ ಪುಸ್ತಕ ಹರಡಿಕೊಂಡು ಕುಳಿತಿದ್ದೆ. ಗಂಟೆಗೊಮ್ಮೆ ಬಟ್ಟೆಯಿಂದ ಒರೆಸದಿದ್ದರೆ ಧೂಳಿನಲ್ಲಿ ಮುಖಪುಟದ ಅಕ್ಷರ ಕಾಣುತ್ತಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನಕ್ಕೆ ತಂದ ಕಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿ, ಮಗನ ಕೈಯಲ್ಲಿ ಧಾರವಾಡದಿಂದ ಮತ್ತೆ ತರಿಸಿದೆ. ಹಾನಗಲ್ ಕಡೆಯ ರೈತರೊಬ್ಬರು ಬಹಳ ಹೊತ್ತು ನಿಂತು, ನಾಲ್ಕು ಪುಸ್ತಕ ಆರಿಸಿ, ಒಳಜೇಬಿನಿಂದ ಮಡಿಚಿದ ನೋಟುಗಳನ್ನು ತೆಗೆದು ಎಣಿಸಿ ಕೊಟ್ಟರು. ರಿಯಾಯಿತಿ ಎಷ್ಟು ಎಂದು ಕೇಳಲಿಲ್ಲ. ಹೊರಡುವಾಗ, ‘ಇನ್ನು ಮುಂದೆ ಇಂಥವು ಬೇಕಾದರೆ ಎಲ್ಲಿ ಸಿಗುತ್ತವೆ?’ ಎಂದರು. ನಾನು ಧಾರವಾಡದ ವಿಳಾಸವಿದ್ದ ಚೀಟಿಯನ್ನು ಕೈಗಿತ್ತೆ. ಅವರು ಚೀಟಿಯನ್ನು ನೋಡಿದರು, ನನ್ನ ಮುಖ ನೋಡಿದರು, ನಕ್ಕು ಜೇಬಿಗೆ ಹಾಕಿಕೊಂಡು ಹೋದರು. ಎರಡು ಬಸ್ಸು ಬದಲಿಸಿ, ಒಂದು ದಿನದ ಕೆಲಸ ಬಿಟ್ಟು, ಪುಸ್ತಕಕ್ಕಾಗಿ ಧಾರವಾಡಕ್ಕೆ ಬನ್ನಿ ಎಂದು ನಾನು ಅವರಿಗೆ ಹೇಳಿದ ಹಾಗಾಗಿತ್ತು.

ಹಾವೇರಿ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ. ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬುಕ್ ಸ್ಟಾಲ್ ಎಂಬ ಫಲಕ ಕಾಣುತ್ತದೆ. ಒಳಗಿರುವುದು ನೋಟ್‌ಬುಕ್, ಪೆನ್ನು, ಗೈಡು, ಜೆರಾಕ್ಸ್ ಯಂತ್ರ, ಮದುವೆ ಪತ್ರಿಕೆಯ ಮಾದರಿಗಳು. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ಒಂದು ಕಾದಂಬರಿ ಆರು ತಿಂಗಳು ಕಪಾಟಿನಲ್ಲಿ ನಿಂತರೆ ಅದು ನಿಂತ ಜಾಗದ ಬಾಡಿಗೆಯೂ ಹುಟ್ಟುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿಗೆ ಮಾರುಕಟ್ಟೆಯ ಪ್ರಾಂಗಣವಿದೆ, ಟೆಂಡರ್ ಇದೆ, ದಲಾಲರಿದ್ದಾರೆ, ಆ ದಿನದ ದರ ಆ ದಿನವೇ ಗೊತ್ತಾಗುತ್ತದೆ. ಅದೇ ಬ್ಯಾಡಗಿಯ ಓದುಗರಿಗೆ ಒಂದು ಕಥಾಸಂಕಲನ ಬೇಕೆಂದರೆ ಹುಬ್ಬಳ್ಳಿಯ ಬಸ್ಸು ಹತ್ತಬೇಕು.

ನಮ್ಮ ಜಿಲ್ಲೆಯವರೇ ಆದ ಗಳಗನಾಥರು ಈ ಕಷ್ಟಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಹಾವೇರಿಯ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯ ಸಂಪಾದನೆಯ ಭಾರವನ್ನೂ ಹೊತ್ತರು. ಅವರ ತಲೆಯ ಮೇಲಿನ ಗಂಟಿಗೆ ಅಂಚೆ ದರವಿರಲಿಲ್ಲ, ಅದೊಂದು ಅನುಕೂಲ. ನಾವು ಹೊರುವುದನ್ನು ಬಿಟ್ಟು ಅಂಚೆಯನ್ನು ನಂಬಿದವರು. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ ಇದ್ದಕ್ಕಿದ್ದಂತೆ ನಿಂತಿತು. ಅದರ ಬದಲು ‘ಜ್ಞಾನ ಪೋಸ್ಟ್’ ಬಂದದ್ದು 2025ರ ಮೇ 1ರಂದು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ದರ ನ್ಯಾಯವಾಗಿಯೇ ಇದೆ, ಒಪ್ಪುತ್ತೇನೆ. ಆದರೆ ನಡುವಿನ ನಾಲ್ಕೂವರೆ ತಿಂಗಳು, 180 ರೂಪಾಯಿಯ ಪುಸ್ತಕಕ್ಕೆ ಕೊರಿಯರ್ ಖರ್ಚು 80 ರೂಪಾಯಿ ಎಂದಾಗ, ‘ಇರಲಿ ಬಿಡಿ, ಧಾರವಾಡಕ್ಕೆ ಬಂದಾಗ ತೆಗೆದುಕೊಳ್ಳುತ್ತೇನೆ’ ಎಂದು ಫೋನ್ ಇಟ್ಟವರ ಹೆಸರುಗಳು ನನ್ನ ವಹಿಯಲ್ಲಿವೆ. ಹೆಚ್ಚಿನವರು ಇನ್ನೂ ಬಂದಿಲ್ಲ.

ಧಾರವಾಡದ ಪುಸ್ತಕೋದ್ಯಮ ಸರ್ಕಾರವನ್ನು ನೆಚ್ಚಿ ಹುಟ್ಟಿದ್ದಲ್ಲ. 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಇದು ಮುಂಬಯಿ ಪ್ರಾಂತದ ಒಂದು ಜಿಲ್ಲೆ. ಕನ್ನಡ ನಾಡೇ ಇಲ್ಲದ ಕಾಲದಲ್ಲಿ ಆ ಸಂಘ ಒಳ್ಳೆಯ ಕನ್ನಡ ಪುಸ್ತಕಗಳನ್ನು ಬರೆಸುವ, ಬರೆದವರಿಗೆ ಬಹುಮಾನ ಕೊಡುವ ಕೆಲಸಕ್ಕೆ ಕೈಹಾಕಿತು. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರ ಮೇಲೆ. ಓದುಗರು ಮೊದಲು ಹಣ ಕಟ್ಟುತ್ತಿದ್ದರು, ಪುಸ್ತಕ ಆಮೇಲೆ ಬರುತ್ತಿತ್ತು. ಸುಭಾಷ್ ರಸ್ತೆಯಲ್ಲಿ ಗ್ರಂಥಮಾಲೆಯ ಕಚೇರಿಯಿರುವ ಅಟ್ಟವನ್ನು ಹತ್ತಿ ಇಳಿದವರಲ್ಲಿ ಬೇಂದ್ರೆ, ಕುರ್ತಕೋಟಿ, ಕಾರ್ನಾಡರು ಇದ್ದರು ಎಂಬುದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಊರೂರಿನಿಂದ ಮನಿಯಾರ್ಡರ್ ಕಳುಹಿಸಿದ ಚಂದಾದಾರರ ಹೆಸರು ಯಾರಿಗೂ ಗೊತ್ತಿಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ಯಲ್ಲಿ ಪುಸ್ತಕ ವಿಭಾಗವೊಂದಿತ್ತು. ಅದರಲ್ಲಿ ಸಂಗ್ರಹ ಓದಿ, ಪೂರ್ತಿ ಪುಸ್ತಕವೇ ಬೇಕೆಂದು ನನ್ನ ಅಂಗಡಿಗೆ ಬರುತ್ತಿದ್ದ ಶಿಕ್ಷಕರು, ರೈಲ್ವೆ ನೌಕರರು, ಕಿರಾಣಿ ಅಂಗಡಿಯವರು ಎಷ್ಟೋ ಮಂದಿ. ಗದಗಿನ ತೋಂಟದಾರ್ಯ ಮಠ ಅಧ್ಯಯನ ಗ್ರಂಥಗಳನ್ನು ಅಚ್ಚು ಹಾಕಿಸಿ, ಬರಿಯ ವ್ಯಾಪಾರಿ ಕೊಡಲಾಗದ ಬೆಲೆಗೆ ಕೊಟ್ಟಿತು. ಇವರೆಲ್ಲರೂ ಮುಖ ಮಾಡಿದ್ದು ಓದುಗರ ಕಡೆಗೆ.

ಇವತ್ತು ನಮ್ಮಂಥವರ ಖಾತೆ ಪುಸ್ತಕ ತೆರೆದು ನೋಡಿ. ಚಂದಾದಾರರ ಹೆಸರುಗಳಿದ್ದ ಜಾಗದಲ್ಲಿ ಒಬ್ಬನೇ ಗಿರಾಕಿಯ ಹೆಸರಿದೆ. ಆ ಗಿರಾಕಿ ನೀವು. ಒಬ್ಬನೇ ಗಿರಾಕಿ ಇರುವ ಅಂಗಡಿ ಹೇಗೋ ನಡೆದೀತು. ಅವನೂ ಉದ್ದರಿಯವನಾದರೆ ಅಂಗಡಿಯವನು ಏನು ಮಾಡಬೇಕು?

ಸಗಟು ಖರೀದಿ ನಡೆಯುವ ಬಗೆಯನ್ನು, ಈ ವ್ಯವಹಾರದ ಹೊರಗಿನ ಓದುಗರಿಗಾಗಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ವರ್ಷ ಪ್ರಕಟವಾದ ಪುಸ್ತಕಗಳನ್ನು ಪ್ರಕಾಶಕರು, ಲೇಖಕರು ಅರ್ಜಿಯೊಂದಿಗೆ ಒಪ್ಪಿಸುತ್ತಾರೆ. ಸಮಿತಿ ಕೂತು ಆಯ್ಕೆ ಮಾಡುತ್ತದೆ. ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಇಲಾಖೆ ಕೊಳ್ಳುತ್ತದೆ. ಬೆಲೆ ಮುಖಪುಟದ ಹಿಂದೆ ಅಚ್ಚಾದದ್ದಲ್ಲ. ಪುಟಕ್ಕೆ ಇಷ್ಟು ಪೈಸೆ ಎಂದು ಸರ್ಕಾರ ಕಟ್ಟಿದ ದರ. ಕೇಳಲು ಎಲ್ಲವೂ ಸರಿಯಾಗಿದೆ. ಆದರೆ 2022ರಲ್ಲಿ ಅಚ್ಚಾದ ಪುಸ್ತಕದ ಆಯ್ಕೆ ಮುಗಿದು, ಆದೇಶ ಬಂದು, ಪ್ರತಿಗಳು ಊರೂರಿನ ಗ್ರಂಥಾಲಯಕ್ಕೆ ತಲುಪಿ, ಬಿಲ್ಲು ಪಾಸಾಗುವ ಹೊತ್ತಿಗೆ ಆ ಪುಸ್ತಕದ ಲೇಖಕರಿಗೆ ಮೊಮ್ಮಗ ಹುಟ್ಟಿರುತ್ತಾನೆ. ನನ್ನ ಒಂದು ಬಿಲ್ಲು ಒಂದು ಕಚೇರಿಯ ಕಡತದಲ್ಲಿ ಮಲಗಿ 27 ತಿಂಗಳಾದವು. ಆ ಕಚೇರಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಗುಮಾಸ್ತರು ಸಜ್ಜನರು, ಹೋದಾಗಲೆಲ್ಲ ಚಹಾ ತರಿಸುತ್ತಾರೆ. ಆ ಪುಸ್ತಕ ಅಚ್ಚು ಹಾಕಿಸಲು ನಾನು ತಿಂಗಳಿಗೆ ನೂರಕ್ಕೆ ಎರಡರಂತೆ ಕೈಗಡ ತಂದಿದ್ದೆ. 27 ತಿಂಗಳಿಗೆ ಬಡ್ಡಿ ಎಷ್ಟಾಯಿತು ಎಂಬುದನ್ನು ತಾವು ಬಜೆಟ್ ಮಂಡಿಸುವ ಸರ್ಕಾರದವರು, ನನಗಿಂತ ಬೇಗ ಹೇಳಬಲ್ಲಿರಿ.

ತಡವಾಗುವುದು ಒಂದು ರೋಗ. ಅದಕ್ಕಿಂತ ದೊಡ್ಡ ರೋಗ, ಈ ವ್ಯವಸ್ಥೆ ಪುಸ್ತಕದ ಆಕಾರವನ್ನೇ ಬದಲಿಸಿದ್ದು. ಪುಟಕ್ಕೆ ಇಷ್ಟು ಪೈಸೆ ಎಂದ ಮೇಲೆ ಪುಟ ಹೆಚ್ಚಬೇಕಲ್ಲವೇ? ಅಕ್ಷರ ದಪ್ಪವಾಗುತ್ತದೆ, ಅಂಚು ಅಗಲವಾಗುತ್ತದೆ, ಎರಡು ಸಾಲುಗಳ ನಡುವೆ ಎತ್ತಿನ ಬಂಡಿ ಹೋಗುವಷ್ಟು ಜಾಗ ಬಿಡುತ್ತಾರೆ. ಸರ್ಕಾರ ಆ ಖಾಲಿ ಜಾಗಕ್ಕೂ ಹಣ ಕೊಡುತ್ತದೆ. ಸಂಪಾದಕರು ಕೂತು ಕತ್ತರಿಸಿ 120 ಪುಟಕ್ಕೆ ಇಳಿಸಿದ ಬಿಗಿಯಾದ ಪುಸ್ತಕಕ್ಕೆ, ಯಾರೂ ತಿದ್ದದ 240 ಪುಟದ ಪುಸ್ತಕದ ಅರ್ಧ ಹಣ. ಇನ್ನು ಗ್ರಂಥಾಲಯಕ್ಕೆಂದೇ 300, ಬಿಡುಗಡೆ ಸಮಾರಂಭಕ್ಕೆಂದು 50, ಹೀಗೆ 350 ಪ್ರತಿ ಅಚ್ಚು ಹಾಕಿಸಿ ಕೈತೊಳೆದುಕೊಳ್ಳುವ ಪದ್ಧತಿಯೂ ಬೆಳೆದಿದೆ. ಆ ಪುಸ್ತಕ ಅಂಗಡಿಗೆ ಬರುವುದೇ ಇಲ್ಲ. ಒಂದು ಕಾಲಕ್ಕೆ ಮೊದಲ ಮುದ್ರಣ ಎಂದರೆ 1,000 ಪ್ರತಿ ಎಂಬುದು ರೂಢಿಯಾಗಿತ್ತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ವಾರ ಅವರ ಕನ್ನಡ ಮೂಲದ ಕಥೆಗಳನ್ನು ಕೇಳಿಕೊಂಡು ಕಾಲೇಜು ಹುಡುಗಿಯರು ಸಾಲಾಗಿ ಅಂಗಡಿಗೆ ಬಂದರು. ನನ್ನಲ್ಲಿದ್ದದ್ದು ಮೂರು ಪ್ರತಿ. ಓದುಗರು ಬಾಗಿಲಿಗೆ ಬಂದ ದಿನ ನನ್ನ ಅಂಗಡಿಯಲ್ಲಿ ಪುಸ್ತಕವಿರಲಿಲ್ಲ.

ಲೆಕ್ಕದ ಮಾತು ಬಂತೆಂದು ನನ್ನ ಹೋದ ಪುಸ್ತಕದ ಲಾಗೋಡಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1/8 ಡೆಮಿ ಆಕಾರದ 200 ಪುಟ, 500 ಪ್ರತಿ. ಡಿಟಿಪಿ, ಕರಡು ತಿದ್ದುವುದು, ಮುಖಪುಟ, ಕಾಗದ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ ಸುಮಾರು 45,000 ರೂಪಾಯಿ, ಪ್ರತಿಗೆ 90. ಬೆಲೆ ಇಟ್ಟದ್ದು 220. ಬೆಂಗಳೂರಿನ ಮಾರಾಟಗಾರರಿಗೆ ಶೇ 40 ಕಮಿಷನ್ ಕಳೆದರೆ 132. ಲೇಖಕರ ಗೌರವಧನ 22. ಉಳಿದ 110ರಲ್ಲಿ 90 ಅಚ್ಚಿಗೆ ಹೋಗಿ, ಕಟ್ಟು ಕಟ್ಟಿ ಲಾರಿಗೆ ಹಾಕಿದ ಖರ್ಚೂ ಹೋದರೆ ಕೈಗೆ ಹತ್ತು ರೂಪಾಯಿ. ಅದೂ ಕೊನೆಯ ಪ್ರತಿಯವರೆಗೆ ಮಾರಾಟವಾದರೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಕಾಗದಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 12ರಿಂದ ಶೇ 18ಕ್ಕೆ ಏರಿದೆ. ಮಾರುವ ವಸ್ತುವಿಗೆ ತೆರಿಗೆ ಇಲ್ಲವಾದ್ದರಿಂದ, ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಪ್ರಕಾಶಕರು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಅದು ಪುಸ್ತಕದ ಬೆಲೆಯೊಳಗೆ ಅಡಗಿ ಓದುಗರ ಮೇಲೆ ಬೀಳುತ್ತದೆ. ಅದೇ ದಿನ ಶಾಲೆಯ ನೋಟ್‌ಬುಕ್ಕಿಗೆ ಬಳಸುವ ಕಾಗದದ ತೆರಿಗೆಯನ್ನು ಸೊನ್ನೆಗೆ ಇಳಿಸಿದರು. ಮಕ್ಕಳ ನೋಟ್‌ಬುಕ್ ಅಗ್ಗವಾದದ್ದಕ್ಕೆ ನನ್ನ ತಕರಾರಿಲ್ಲ. ಖಾಲಿ ಹಾಳೆಗೆ ಇರುವ ವಿನಾಯಿತಿ ಅಕ್ಷರ ಬಿದ್ದ ಹಾಳೆಗೆ ಏಕಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ. ನಮ್ಮಿಂದ ಕೂಗಳತೆಯಲ್ಲಿರುವ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಕಂಪನಿಯ ಕಾರ್ಖಾನೆಯಿದೆ. ದೂರ ಹತ್ತಿರವಿದ್ದರೂ ಬೆಲೆ ಹತ್ತಿರವಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿ ಇದೆಯಲ್ಲ, ಅಲ್ಲಿ ಈ ಮಾತು ಒಮ್ಮೆ ಕೇಳಿಬರಲಿ.

ಈಗ ಸೆಸ್ಸಿನ ವಿಷಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ಇದೆ. ನನ್ನ ಮನೆಯ ತೆರಿಗೆ ಚೀಟಿಯಲ್ಲಿ ಅದು ಭಿಕ್ಷುಕರ ಸೆಸ್ಸಿನ ನೆರೆಯಲ್ಲಿಯೇ ಕುಳಿತಿದೆ. ಯಾರು ಈ ಸಾಲುಗಳನ್ನು ಜೋಡಿಸಿದರೋ, ಕನ್ನಡ ಪ್ರಕಾಶಕರ ಸ್ಥಿತಿ ಬಲ್ಲವರೇ ಇರಬೇಕು. 4,000 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ 240 ರೂಪಾಯಿ ಗ್ರಂಥಾಲಯಕ್ಕೆಂದು ಹೋಗುತ್ತದೆ. ಒಂದು ಮನೆಯಿಂದ ವರ್ಷಕ್ಕೊಂದು ಒಳ್ಳೆಯ ಪುಸ್ತಕ ಬಂದ ಹಾಗಾಯಿತು. ಓದದವರೂ ಕೊಡುತ್ತಿದ್ದಾರೆ, ಪಾಪ. ಹೀಗೆ ಕೂಡಿದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸಬೇಕು. ದಾಟಿಸದೆ ಬಾಕಿ ಉಳಿಸಿಕೊಳ್ಳುವ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ವರ್ಷ ಬಿಟ್ಟು ವರ್ಷ ಬರುತ್ತದೆ. ಹುಬ್ಬಳ್ಳಿ-ಧಾರವಾಡ ಇರಲಿ, ಗದಗ ಇರಲಿ, ರಾಣೆಬೆನ್ನೂರು ಇರಲಿ, ಈ ವರ್ಷ ಗ್ರಂಥಾಲಯ ಸೆಸ್ ಎಂದು ಕೂಡಿದ್ದು ಎಷ್ಟು, ದಾಟಿಸಿದ್ದು ಎಷ್ಟು, ಅದರಲ್ಲಿ ಪುಸ್ತಕಕ್ಕೆ ಹೋದದ್ದು ಎಷ್ಟು ಎಂದು ಮೂರು ಸಾಲನ್ನು ಪ್ರತಿ ಗ್ರಂಥಾಲಯದ ಬಾಗಿಲಲ್ಲಿ ಬರೆಸಿ ಹಾಕಿ. ಬೋರ್ಡಿಗೆ ತಗಲುವ ಖರ್ಚನ್ನು ಬೇಕಾದರೆ ನಾನೇ ಕೊಡುತ್ತೇನೆ.

ನಾನು ಬರೀ ದೂರುವವನು ಎಂದು ತಿಳಿಯಬೇಡಿ. 2020ರಲ್ಲಿ ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಎಂಬ ಅಭಿಯಾನ ತೆಗೆದು ಹಳ್ಳಿಯ ಮಕ್ಕಳನ್ನು ಗ್ರಂಥಾಲಯದ ಸದಸ್ಯರನ್ನಾಗಿ ಮಾಡಿಕೊಂಡಿತು. ಶಾಲೆಗಳು ಮುಚ್ಚಿದ್ದ ಕಾಲ ಅದು. ಪಂಚಾಯಿತಿಯ ಆ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಹೋದ ವರ್ಷ ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಗೆ ಬೇರೆ ಕೆಲಸಕ್ಕೆ ಹೋದವನು ಅಲ್ಲಿಯ ಅರಿವು ಕೇಂದ್ರದ ಒಳಗೆ ಇಣುಕಿದೆ. ಸಂಜೆ ಐದು ಗಂಟೆ. ಗೋಡೆಗೆ ಬಣ್ಣ ಬಳಿದಿತ್ತು, ಚಾಪೆಯ ಮೇಲೆ ಹದಿನೈದು ಹದಿನಾರು ಮಕ್ಕಳಿದ್ದರು. ಒಂದು ಹುಡುಗಿ ತಮ್ಮನಿಗೆ ಕಥೆ ಓದಿ ಹೇಳುತ್ತಿದ್ದಳು. ಪುಟ ಮಗುಚುವ ಮೊದಲೇ ಮುಂದಿನ ಸಾಲನ್ನು ಬಾಯಿಪಾಠವಾಗಿ ಹೇಳುತ್ತಿದ್ದಳು. ಆ ಪುಸ್ತಕ ಎಷ್ಟು ಸಲ ಓದಿದ್ದಾಳೆ ಎಂದು ಮೇಲ್ವಿಚಾರಕಿಯನ್ನು ಕೇಳಿದೆ. ‘ಮಕ್ಕಳ ಪುಸ್ತಕ ಇರುವುದೇ ಒಂದು ಕಪಾಟು ಸರ್. ಎಲ್ಲವನ್ನೂ ಎಲ್ಲರೂ ಎರಡು ಮೂರು ಸಲ ಓದಿದ್ದಾರೆ. ಹೊಸದು ಯಾವಾಗ ಬರುತ್ತದೆ ಎಂದು ನನ್ನನ್ನೇ ಕೇಳುತ್ತಾರೆ’ ಎಂದರು. ಉಳಿದ ಕಪಾಟುಗಳಲ್ಲಿ ಏನಿತ್ತು ಗೊತ್ತೇ? ಆ ಊರಿನಲ್ಲಿ ಯಾರೂ ಕೇಳದ ಅಭಿನಂದನ ಗ್ರಂಥಗಳು, ಮಹಾಪ್ರಬಂಧಗಳು, ಕಟ್ಟು ಬಿಚ್ಚದ ಎರಡು ಗಂಟು. ಅವುಗಳಲ್ಲಿ ನಾನು ಪ್ರಕಟಿಸಿದ್ದೂ ಒಂದಿತ್ತು. ನಾಚಿಕೆಯಾಯಿತು.

ಆ ಮೇಲ್ವಿಚಾರಕಿಗೆ ತನ್ನ ಓದುಗರು ಯಾರು, ಅವರಿಗೆ ಏನು ಬೇಕು ಎಂಬುದು ವಿಧಾನಸೌಧಕ್ಕಿಂತ ಚೆನ್ನಾಗಿ ಗೊತ್ತಿದೆ. ಆದರೆ ತನ್ನ ಗ್ರಂಥಾಲಯಕ್ಕೆ ತಾನಾಗಿ 50 ರೂಪಾಯಿಯ ಒಂದು ಮಕ್ಕಳ ಪುಸ್ತಕ ಕೊಳ್ಳುವ ಅಧಿಕಾರ ಅವರಿಗಿಲ್ಲ. ನಾನು ಅಂಗಡಿಯಿಂದ ಹನ್ನೆರಡು ಪುಸ್ತಕ ಕಳುಹಿಸಿಕೊಟ್ಟೆ. ಒಂದು ವಾರದಲ್ಲಿ ಓದಿ ಮುಗಿಸಿದರು ಎಂದು ಫೋನ್ ಬಂತು. ಶಾಲೆಗಳ ಕಥೆ ಬೇರೆ ಏನೂ ಅಲ್ಲ. ಪುಸ್ತಕಗಳಿವೆ, ಬೀಗ ಹಾಕಿದ ಕಪಾಟಿನಲ್ಲಿವೆ. ಒಂದು ಕಳೆದರೂ ಲೆಕ್ಕ ತಪಾಸಣೆಯಲ್ಲಿ ತಮ್ಮ ಕೈಯಿಂದ ಕಟ್ಟಬೇಕಾದೀತೆಂದು ಮುಖ್ಯೋಪಾಧ್ಯಾಯರು ಹೆದರುತ್ತಾರೆ. ಮಕ್ಕಳ ಕೈಯಲ್ಲಿ ಹರಿದು ಹೋದ ಪುಸ್ತಕವನ್ನು ನಷ್ಟ ಎಂದು ಬರೆಯಬಾರದು, ಬಳಕೆ ಎಂದು ಬರೆಯಬೇಕು ಎಂದು ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಮೊಬೈಲ್ ಬಂದು ಓದು ಹಾಳಾಯಿತು ಎಂಬ ವಾದವನ್ನು ನಾನು ಎತ್ತುವುದಿಲ್ಲ. ‘ಇದರ ಪಿಡಿಎಫ್ ಇದೆಯೇ ಸರ್?’ ಎಂದು ಪುಸ್ತಕದ ಅಂಗಡಿಯಲ್ಲಿಯೇ ನಿಂತು ಕೇಳುವವರ ಬಗ್ಗೆ ಮಾತ್ರ ಇನ್ನೊಂದು ಪತ್ರ ಬರೆಯುವುದಿದೆ.

ಧಾರವಾಡದಲ್ಲಿ ಇವತ್ತು ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ಓದುವ ಸಾವಿರಾರು ಯುವಕ ಯುವತಿಯರಿದ್ದಾರೆ. ಸಪ್ತಾಪುರದ ಕಡೆ ಸಂಜೆ ಒಂದು ಸುತ್ತು ಹಾಕಿದರೆ ಸಾಕು. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ರೋಣ, ಗಜೇಂದ್ರಗಡ, ಹಿರೇಕೆರೂರು, ಇನ್ನೂ ದೂರದ ರಾಯಚೂರು, ಬೀದರ್ ಕಡೆಯಿಂದ ಬಂದು, ಒಂದು ಕೋಣೆಯಲ್ಲಿ ನಾಲ್ವರು ಇದ್ದುಕೊಂಡು, ಊರಿನಿಂದ ಬಂದ ರೊಟ್ಟಿ ತಿಂದು, ಓದಲು ಒಂದು ಕುರ್ಚಿಗೆ ತಿಂಗಳ ಬಾಡಿಗೆ ಕೊಡುತ್ತಾರೆ. ಕುರ್ಚಿಗೆ ಬಾಡಿಗೆ ಕೊಟ್ಟು ಓದುವ ಜನ ಇನ್ನೆಲ್ಲಿ ಸಿಗುತ್ತಾರೆ! ನನ್ನ ಅಂಗಡಿಯ ಬಾಡಿಗೆ ಹುಟ್ಟುವುದೂ ಅವರು ಕೊಳ್ಳುವ ಗೈಡುಗಳಿಂದಲೇ, ಸುಳ್ಳು ಹೇಳಬಾರದು. ಬೇಂದ್ರೆಯವರಿಗೆ ಜ್ಞಾನಪೀಠ 1973ರಲ್ಲಿ, ಸವಣೂರಿನ ಗೋಕಾಕರಿಗೆ 1990ರಲ್ಲಿ, ಕಾರ್ನಾಡರಿಗೆ 1998ರಲ್ಲಿ ಎಂದು ಅವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಬೇಂದ್ರೆಯವರ ಮನೆಯಿರುವ ಸಾಧನಕೇರಿ ಈ ಹುಡುಗರ ಕೋಣೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಬೇಂದ್ರೆಯವರ ಒಂದು ಕವಿತೆಯನ್ನು ಪೂರ್ತಿ ಓದಲು ಅವರಿಗೆ ಪುರುಸೊತ್ತಿಲ್ಲ. ಪ್ರಶ್ನೆಪತ್ರಿಕೆ ಕೇಳುವುದು ಕೃತಿಯ ಹೆಸರು ಮತ್ತು ಇಸವಿಯನ್ನು.

ಅವರಲ್ಲಿ ರೋಣ ತಾಲ್ಲೂಕಿನ ಒಬ್ಬ ಹುಡುಗ ಮೂರು ವರ್ಷ ನನ್ನ ಗಿರಾಕಿಯಾಗಿದ್ದ. ಪ್ರಚಲಿತ ವಿದ್ಯಮಾನಗಳ ಮಾಸಪತ್ರಿಕೆ ಬಿಟ್ಟು ಬೇರೇನೂ ಕೊಂಡವನಲ್ಲ. ಒಂದು ನೇಮಕಾತಿಯ ಫಲಿತಾಂಶಕ್ಕೆ ನ್ಯಾಯಾಲಯದಲ್ಲಿ ತಡೆ ಬಿದ್ದ ವಾರ, ಬಂದು ಸುಮ್ಮನೆ ಕಪಾಟಿನ ಮುಂದೆ ನಿಂತ. ಒಂದು ಕವನ ಸಂಕಲನ ತೆಗೆದು ನಿಂತೇ ಓದಿದ. ಹಿಂದೆ ತಿರುಗಿಸಿ ಬೆಲೆ ನೋಡಿ ಮತ್ತೆ ಇಟ್ಟ. ಮರುದಿನವೂ ಬಂದ. ಮೂರನೆಯ ದಿನ, ಕೇಳಲೋ ಬೇಡವೋ ಎಂಬಂತೆ, ‘ಒಂದು ಪದ್ಯ ಬರೆದುಕೊಳ್ಳಲೇ ಸರ್?’ ಎಂದ. ಸಾಮಾನ್ಯ ಜ್ಞಾನದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ, ಪಂಚವಾರ್ಷಿಕ ಯೋಜನೆಗಳ ಪಟ್ಟಿಯ ಬೆನ್ನಿಗೆ, ಅದನ್ನು ಬರೆದುಕೊಂಡು ಹೋದ. ಪುಸ್ತಕವನ್ನೇ ಅವನಿಗೆ ಕೊಟ್ಟುಬಿಡಬೇಕಿತ್ತು ಎಂದು ಆಮೇಲೆ ಅನ್ನಿಸಿತು. ಆ ಕ್ಷಣಕ್ಕೆ ವ್ಯಾಪಾರಿಯ ಬುದ್ಧಿ ಮುಂದೆ ಬಂತು. ಸರ್ಕಾರಿ ಗ್ರಂಥಾಲಯದಲ್ಲಿ ಅವನಿಗೆ ಆ ಪುಸ್ತಕ ಸಿಗಬಹುದಾಗಿತ್ತು. ಆದರೆ ಅಲ್ಲಿಯೂ ಅವನು ಹೋಗುತ್ತಿದ್ದದ್ದು ಖಾಲಿ ಕುರ್ಚಿ ಸಿಕ್ಕರೆ ತನ್ನದೇ ಗೈಡು ಓದಲು. ನೇಮಕಾತಿ ಪರೀಕ್ಷೆಯ ಕನ್ನಡ ಪತ್ರಿಕೆಯಲ್ಲಿ ಇಸವಿ ಕೇಳುವುದನ್ನು ಬಿಟ್ಟು, ಒಂದು ಪುಟ ಗದ್ಯ ಕೊಟ್ಟು ಅದರ ಮೇಲೆ ಯೋಚಿಸಿ ಬರೆಯುವಂತೆ ಮಾಡಿ ನೋಡಿ. ಒಂದೇ ವರ್ಷದಲ್ಲಿ ಸಪ್ತಾಪುರದ ಓದು ಬದಲಾಗುತ್ತದೆ, ನಮ್ಮ ಕಪಾಟುಗಳೂ ಬದಲಾಗುತ್ತವೆ.

ನಮ್ಮ ತಪ್ಪುಗಳನ್ನೂ ಹೇಳಬೇಕು. ಎಷ್ಟೋ ಪ್ರಕಾಶಕರು ಕರಡು ತಿದ್ದಿಸುವುದನ್ನೇ ಬಿಟ್ಟಿದ್ದಾರೆ. ಎಷ್ಟು ಪ್ರತಿ ಅಚ್ಚಾದವು, ಎಷ್ಟು ಮಾರಾಟವಾದವು ಎಂಬ ಲೆಕ್ಕವನ್ನು ಲೇಖಕರಿಗೆ ಕೊಡುವವರು ಕಡಿಮೆ. ಗೌರವಧನದ ಬದಲು ನೂರು ಪ್ರತಿ ಕೊಟ್ಟು ಕಳುಹಿಸುತ್ತೇವೆ. ಲೇಖಕರು ಆ ನೂರನ್ನು ಗೌರವ ಪ್ರತಿ ಎಂದು ಸಹಿ ಹಾಕಿ ಹಂಚುತ್ತಾರೆ. ಹೀಗೆ ಕನ್ನಡದ ಓದು ಬಲ್ಲ ಸಮಾಜದಲ್ಲಿ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವುದು ಅಗೌರವ ಎಂಬ ಭಾವನೆ ಬೇರೂರಿದೆ. ಪ್ರಾಧ್ಯಾಪಕರೊಬ್ಬರು ಅಂಗಡಿಗೆ ಬಂದು, ‘ಇದು ಬಂದದ್ದು ಗೊತ್ತಿತ್ತು, ಇನ್ನೂ ನನಗೆ ಕಳುಹಿಸಿಲ್ಲವಲ್ಲ’ ಎಂದು ಲೇಖಕರ ಮೇಲೆ ಮುನಿಸಿಕೊಂಡು ಹೋದದ್ದನ್ನು ನೋಡಿದ್ದೇನೆ. ಬೆಲೆ 120 ಇತ್ತು.

ಇನ್ನು ನನ್ನ ಬೇಡಿಕೆಗಳು. ಸಗಟು ಖರೀದಿಯ ಬಿಲ್ಲು ಪುಸ್ತಕ ತಲುಪಿದ 90 ದಿನಗಳಲ್ಲಿ ಪಾವತಿಯಾಗಲಿ, ತಡವಾದರೆ ಬಡ್ಡಿ ಸೇರಲಿ. ಖರೀದಿಯ ಹಣದಲ್ಲಿ ಕಾಲು ಭಾಗವನ್ನಾದರೂ ಗ್ರಂಥಪಾಲಕರ ಮತ್ತು ಅರಿವು ಕೇಂದ್ರದ ಮೇಲ್ವಿಚಾರಕರ ಕೈಗೆ ಕೊಡಿ. ಅವರು ಓದುಗರನ್ನು ಕೇಳಿ, ಅಂಗಡಿಗೆ ಬಂದು, ಮುಟ್ಟಿ ನೋಡಿ ಕೊಳ್ಳಲಿ. ಆಗ ತಾಲ್ಲೂಕಿನ ಬುಕ್ ಸ್ಟಾಲಿನವನೂ ಕಾದಂಬರಿ ಇಡುತ್ತಾನೆ. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿಯೇ ಇದೆ. ಬಸ್ ನಿಲ್ದಾಣದ ಮಳಿಗೆ ಹರಾಜಿನಲ್ಲಿ ಪುಸ್ತಕದವನು ಕುರುಕಲು ತಿಂಡಿಯವನ ಎದುರು ಕೂಗಲಾರ. ತಾಲ್ಲೂಕಿಗೊಂದು ನಿಲ್ದಾಣದಲ್ಲಿ ಒಂದು ಮಳಿಗೆಯನ್ನು ಪುಸ್ತಕಕ್ಕೆಂದು ಬೇರೆ ಬಾಡಿಗೆಗೆ ತೆಗೆದಿರಿಸಿ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ, ಜಗತ್ತಿನಲ್ಲಿಯೇ ಉದ್ದನೆಯದು ಎನ್ನುತ್ತಾರೆ. ಅದರಲ್ಲಿ ನಾಲ್ಕು ಮೀಟರನ್ನು ಕನ್ನಡ ಪುಸ್ತಕಕ್ಕೆ ಬಿಡಿ ಎಂದು ರೈಲ್ವೆಯವರಿಗೆ ತಾವೇ ಒಂದು ಪತ್ರ ಬರೆಯಬಹುದು.

ಕೊನೆಗೊಂದು ನೆನಪು. 2021ರ ಆಗಸ್ಟಿನಲ್ಲಿ, ಶಿಗ್ಗಾವಿಯನ್ನು ಪ್ರತಿನಿಧಿಸುತ್ತಿದ್ದವರು ಮುಖ್ಯಮಂತ್ರಿಗಳಾಗಿದ್ದಾಗ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಹೊರಟಿತ್ತು. ಆ ತಿಂಗಳು ತಾಲ್ಲೂಕು ಕಚೇರಿಯವರೊಬ್ಬರು ನನ್ನ ಅಂಗಡಿಗೆ ಬಂದು ಹತ್ತು ಪುಸ್ತಕ ಕೊಂಡರು. ಮುಂದಿನ ತಿಂಗಳು ಬರಲಿಲ್ಲ. ಎದುರಿನ ಹೂವಿನ ಅಂಗಡಿಯವರು, ಪುಣ್ಯಕ್ಕೆ, ಒಂದು ತಿಂಗಳಷ್ಟೇ ಚಿಂತೆ ಮಾಡಿದರು. ಆ ಆದೇಶವನ್ನು ಯಾವ ಸರ್ಕಾರ ಹೊರಡಿಸಿತು ಎಂದು ನೋಡದೆ ಮತ್ತೊಮ್ಮೆ ಹೊರಗೆ ತೆಗೆಯಿರಿ. ಕೊಳ್ಳುವಾಗ ಆಯಾ ಊರಿನ ಅಂಗಡಿಯಿಂದ, ರಸೀದಿ ಪಡೆದು ಕೊಳ್ಳಬೇಕು ಎಂಬ ಒಂದು ಸಾಲು ಸೇರಿಸಿ.

ಈ ಪತ್ರದೊಂದಿಗೆ, ಮೇಲೆ ಲೆಕ್ಕ ಹೇಳಿದ ಆ 200 ಪುಟದ ಪುಸ್ತಕದ ಒಂದು ಪ್ರತಿಯನ್ನೂ ಜ್ಞಾನ ಪೋಸ್ಟ್ ಮೂಲಕ ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ತೂಕ 240 ಗ್ರಾಂ. ಅಂಚೆ ವೆಚ್ಚ ನನ್ನದು. ಅದು ಗೌರವ ಪ್ರತಿಯಲ್ಲ. 220 ರೂಪಾಯಿಯ ಬಿಲ್ಲನ್ನು ಪತ್ರದ ಹಿಂದೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ಪುಸ್ತಕ ವ್ಯಾಪಾರಿ
ಧಾರವಾಡ